ಎಮರಿ ಕಾಗದ ತಿಂದ ಬೆರಳು

ಮದರಂಗಿ ಹಚ್ಚಿದವಳು ಬಾನು ಬೀ. ಕೊಟ್ಟೂರಿನಲ್ಲಿ ಮೊಮ್ಮಗ ಇಶ್ತಿಯಾಕನ ಮದುವೆ. ಮನೆಯ ಹೆಣ್ಣುಮಕ್ಕಳು ಬರಿಗೈಯಲ್ಲಿ ಹೋಗುವುದುಂಟೇ? ಈಗಿನ ಹುಡುಗಿಯರ ಹಾಗೆ ಕೋನ್ ಹಿಡಿದು ಹೂಬಳ್ಳಿ ಬಿಡಿಸುವುದು ಆ ಮುದುಕಿಗೆ ಒಗ್ಗದು. ಹಿತ್ತಲ ಗಿಡದ ಎಲೆ ಕಿತ್ತು, ಚಹಾದ ಕಷಾಯ ಬಿಟ್ಟು ಅರೆದು, ಹತ್ತೂ ಬೆರಳ ತುದಿಗೆ ಟೋಪಿ ತೊಡಿಸಿದಂತೆ ಮೆತ್ತುವುದು ಅವಳ ಪದ್ಧತಿ. ಬೆಳಿಗ್ಗೆ ತೊಳೆದರೆ ಬೆರಳೆಲ್ಲ ಹುಣಸೆ ಬೀಜದ ಬಣ್ಣ.

“ದಾದಿ, ಇಷ್ಟು ದಪ್ಪ ಬ್ಯಾಡ,” ಅಂದಿದ್ದಳು ಇನ್ನೊಬ್ಬ ಮಗನ ಮಗಳು ನೂರೀನ.

“ಸುಮ್ನ ಕುಂದರ ಲೇ. ಮದುವಿ ಮುಗಿದ ಮ್ಯಾಲೆ ಬೆಂಗಳೂರಿಗೆ ಹೊಂಟೀದಿ. ಒಳ್ಳೆ ಕೆಲಸಕ್ಕ ಹೋಗೋ ಹುಡುಗಿ ಕೈ ಬೋಳು ಇರಬಾರದು.”

ಒಳ್ಳೆ ಕೆಲಸವೆಂದರೆ ವೀಸಾ. ಎರಡು ಸಾವಿರದ ಎಂಟರ ಆಗಸ್ಟ್ ಅದು. ನೂರೀನ ಹರಪನಹಳ್ಳಿಯಲ್ಲೇ ಫಾರ್ಮಸಿ ಓದಿದ ಹುಡುಗಿ. ಬಸ್ ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರು, ಡೀಸೆಲ್ ಪಂಪು ರಿಪೇರಿ ಮಾಡುವ ಸಿರಾಜುದ್ದೀನ ಮೇಸ್ತ್ರಿ ಅವಳ ತಂದೆ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯ ಅವಳಿಗೆ ಸೀಟೂ ಕೊಟ್ಟಿತ್ತು, ವಿದ್ಯಾರ್ಥಿವೇತನವನ್ನೂ ಕೊಟ್ಟಿತ್ತು. ಸೆಪ್ಟೆಂಬರ್ ಮುಗಿಯುವುದರೊಳಗೆ ಬಂದು ಸೇರಬೇಕು, ಬರದಿದ್ದರೆ ಸೀಟು, ವೇತನ ಎರಡೂ ಹಿಂದೆ ಸಾಲಿನಲ್ಲಿ ನಿಂತವರಿಗೆ ಅಂತ ಖಡಾಖಂಡಿತವಾಗಿ ಬರೆದಿದ್ದರು. ಇನ್ನು ಬೇಕಾದದ್ದು ವೀಸಾ ಒಂದೇ. ಅದಕ್ಕೆ ಬೆಂಗಳೂರಿನ ಕಚೇರಿಗೆ ಹೋಗಿ ಕಾಗದಪತ್ರ ಕೊಟ್ಟು, ಮಷೀನಿನ ಮೇಲೆ ಹತ್ತು ಬೆರಳಿಟ್ಟು ಬರಬೇಕಿತ್ತು. ಮಂಗಳವಾರ ಬೆಳಿಗ್ಗೆಗೆ ಸಮಯ ಸಿಕ್ಕಿತ್ತು.

ಅರ್ಜಿ ತುಂಬಿ ಕೊಟ್ಟವನು ಬಸ್ ಸ್ಟ್ಯಾಂಡಿನ ಎದುರು ಇಂಟರ್ನೆಟ್ ಅಂಗಡಿ ಇಟ್ಟಿದ್ದ ಮೈಲಾರೇಶ್. ಅವನ ಅಂಗಡಿಯಿಂದ ಪರದೇಶಕ್ಕೆ ಹೊರಟ ಮೊದಲ ಅರ್ಜಿ ಇದು. ಹಾಗಾಗಿ ಅವನಿಗೂ ಒಂದು ಹೆಮ್ಮೆ, ಒಂದು ಅಳುಕು. ಮದುವೆ ಮುಗಿಸಿ ಬಂದ ನೂರೀನ ಸೋಮವಾರ ಮುಂಜಾನೆ ಕೊನೆಯ ಪ್ರಿಂಟು ತೆಗೆಸಲು ಹೋದಾಗ ಅವನು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಾ ಓದುತ್ತಾ ತಟ್ಟನೆ ನಿಂತ.

“ಏ ನೂರಿ, ಕೈ ತೋರಸು.”

“ಯಾಕಣ್ಣಾ?”

“ತೋರಸವ್ವಾ ಮೊದ್ಲು.”

ತೋರಿಸಿದಳು. ಮೈಲಾರೇಶ್ ಕಾಗದ ನೋಡಿದ, ಬೆರಳು ನೋಡಿದ, ಮತ್ತೆ ಕಾಗದ ನೋಡಿದ.

“ಸತ್ವಿ ನೋಡು. ಬೆರಳಿಗೆ ಗಾಯ ಇರಬಾರದಂತ, ಮದರಂಗಿ ಇರಬಾರದಂತ. ಇದ್ರ ಅರ್ಜಿನ ತಗಳಂಗಿಲ್ಲ, ವಾಪಸ್ ಕಳಿಸ್ತೀವಿ ಅಂದಾರ.”

ನೂರೀನಳಿಗೆ ಅಂಗಡಿಯ ಫ್ಯಾನಿನ ಸದ್ದು ದೂರ ಹೋದಂತಾಯಿತು. “ಮೊದ್ಲ ಯಾಕ ಹೇಳ್ಲಿಲ್ಲ?”

“ನನಗೇನು ಕನಸು ಬಿದ್ದಿತ್ತೇನು, ನಿಮ್ಮ ದಾದಿ ನಿನ್ನ ಬೆರಳಿಗೆ ಡಾಂಬರ್ ಹಾಕ್ತಾಳ ಅಂತ?” ಅಂದ. ಮಾತು ತಮಾಷೆಯದು, ದನಿ ಮಾತ್ರ ನಡುಗುತ್ತಿತ್ತು. “ಇವತ್ತೊಂದಿನ ಐತಿ. ತಿಕ್ಕು, ತೊಳಿ, ಏನರ ಮಾಡು. ನಾಳಿ ಬಿಟ್ರ ಮುಂದ ಯಾವ ದಿನ ಸಿಗ್ತೈತೋ ಯಾರಿಗ್ಗೊತ್ತು.”

ಮನೆಯಲ್ಲಿ ತಿಕ್ಕಾಟ ಶುರುವಾಯಿತು. ತಾಯಿ ಮುಬೀನಾ ನಿಂಬೆಹಣ್ಣು ಕೊಯ್ದಳು, ಹುಣಸೆಹಣ್ಣು ನೆನೆಸಿದಳು. ಟೂತ್‌ಪೇಸ್ಟ್ ಆಯಿತು, ಪಾತ್ರೆ ಬೆಳಗುವ ಬೂದಿ ಆಯಿತು, ಪಕ್ಕದ ಮನೆಯಿಂದ ಬ್ಲೀಚಿಂಗ್ ಪೌಡರೂ ಬಂತು. ಹುಣಸೆ ಬೀಜದ ಬಣ್ಣ ಇಟ್ಟಿಗೆ ಬಣ್ಣಕ್ಕೆ ಇಳಿದದ್ದು ಬಿಟ್ಟರೆ ಹೆಚ್ಚಿನದೇನೂ ಆಗಲಿಲ್ಲ. ಬಾನು ಬೀ ಮೂಲೆ ಹಿಡಿದು ಕೂತು, “ಯಾ ಅಲ್ಲಾ, ನನ್ನ ಕೈಯಾಗ ಹುಳ ಬೀಳ್ಲಿ,” ಅಂತ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಸೀಟು ಹೋಗುವುದು, ಅದೂ ಬೆರಳ ಬಣ್ಣಕ್ಕೆ ಹೋಗುವುದು! ಆ ಮಾತನ್ನು ಯಾರೂ ಬಾಯಿ ಬಿಟ್ಟು ಆಡಲಿಲ್ಲ, ಎಲ್ಲರ ಮುಖದಲ್ಲೂ ಅದೇ ಇತ್ತು.

ಮಧ್ಯಾಹ್ನ ಊಟಕ್ಕೆ ಬಂದ ಸಿರಾಜುದ್ದೀನ ಮಗಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

“ಇಷ್ಟ ಏನು? ಕಬ್ಬಿಣಕ್ಕ ಹಿಡಿದ ಹತ್ತು ವರ್ಷದ ಜಂಗು ಬಿಡಿಸೇನಿ ನಾನು. ಅಳಬ್ಯಾಡ ಬೇಟಾ.”

ಗ್ಯಾರೇಜಿಗೆ ಹೋಗಿ ಎಮರಿ ಕಾಗದ ತಂದ. ವಾಲ್ವು ಉಜ್ಜಿ ಹೊಳಪಿಸುವ, ಮುಟ್ಟಿದರೆ ರೇಷ್ಮೆಯ ಹಾಗಿರುವ ಅತಿ ನಯದ ಕಾಗದ. ಅದನ್ನು ಸಾಬೂನು ನೀರಿನಲ್ಲಿ ಅದ್ದಿ, ಮಗಳನ್ನು ಹೊಸ್ತಿಲ ಬಳಿ ಕೂರಿಸಿಕೊಂಡು, ಒಂದೊಂದೇ ಬೆರಳು ಹಿಡಿದು ಉಜ್ಜತೊಡಗಿದ. ನೂರೀನ ಓದಿದವಳು. ಮದರಂಗಿ ಚರ್ಮದೊಳಗೇ ಇಳಿದಿರುತ್ತದೆ, ಆ ಚರ್ಮ ತಾನಾಗಿ ಉದುರುವ ತನಕ ಬಣ್ಣ ಹೋಗದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಚಾಚಿದಳು. ಜೀವ ಬಾಯಿಗೆ ಬಂದವರಿಗೆ ಪಾಠ ಎಲ್ಲಿಂದ ನೆನಪಾಗಬೇಕು.

“ಉರೀತೈತೇನು?”

“ಇಲ್ಲ ಅಬ್ಬಾ,” ಅಂದಳು ಅಪ್ಪನಿಗೆ.

ಉರಿಯುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಇಟ್ಟಿಗೆ ಬಣ್ಣ ಹೋಗಿ ಗುಲಾಬಿ ಬಂತು. ಸಿರಾಜುದ್ದೀನ ಪ್ರತಿ ಬೆರಳನ್ನೂ ಊದಿ, ತನ್ನ ಅಂಗಿಗೆ ಒರೆಸಿ, ಓರೆಯಾಗಿ ಹಿಡಿದು ಪರೀಕ್ಷಿಸಿದ. ಕೆಲಸ ಮುಗಿಸಿದ ಮೇಸ್ತ್ರಿಯ ಸಮಾಧಾನ ಅವನ ಮುಖದಲ್ಲಿ.

“ಬರ್ರಿ ಇಲ್ಲಿ, ನೋಡ್ರಿ. ಒಂದು ಗೀಚಿಲ್ಲ, ಒಂದು ಕಲೆ ಇಲ್ಲ. ಕನ್ನಡಿ ಆಗ್ಯಾವ ಕನ್ನಡಿ!”

ಬಾನು ಬೀ ಆ ಹೊಳೆಯುವ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಅಪ್ಪ ಮಗಳು ಸಂಜೆಯ ಬಸ್ಸು ಹತ್ತಿದರು.

ಕಚೇರಿಯೊಳಗೆ ಅರ್ಜಿ ಹಾಕುವವರಿಗಷ್ಟೇ ಪ್ರವೇಶ. ಸಿರಾಜುದ್ದೀನ ರೊಟ್ಟಿ ಬುತ್ತಿಯ ಚೀಲ ಹಿಡಿದು ಕಾಂಪೌಂಡಿನ ಹೊರಗೇ ನಿಂತ. ಒಳಗೆ ಕಾಗದಪತ್ರದ ಕೆಲಸ ಸಲೀಸಾಗಿ ಮುಗಿಯಿತು. ಆಮೇಲೆ ಒಂದು ಸಣ್ಣ ಕೋಣೆ, ಮೇಜಿನ ಮೇಲೆ ಗಾಜಿನ ಮುಖದ ಮಷೀನು, ಅದರ ಹಿಂದೆ ಕನ್ನಡಕದ ಹೆಂಗಸು.

“ಎಡಗೈ ನಾಲ್ಕು ಬೆರಳು ಇಡಿ.”

ಇಟ್ಟಳು. ಗಾಜು ತಣ್ಣಗಿತ್ತು, ಎಳೆ ಚರ್ಮಕ್ಕೆ ಚುರ್ ಅಂದಿತು. ಕೆಂಪು ದೀಪ.

“ಸ್ವಲ್ಪ ಒತ್ತಿ.”

ಒತ್ತಿದಳು. ಕೆಂಪು. ಬಲಗೈ ಇಟ್ಟಳು. ಕೆಂಪು. ಹೆಬ್ಬೆರಳೂ ಕೆಂಪೇ. ಆ ಹೆಂಗಸು ಗಾಜು ಒರೆಸಿ ಮತ್ತೆ ಇಡಿಸಿದಳು, ಮತ್ತೊಬ್ಬರನ್ನು ಕರೆದಳು, ಅವರೂ ನೋಡಿ ತಲೆಯಾಡಿಸಿದರು.

“ಏನಮ್ಮ ಮಾಡ್ಕೊಂಡಿದೀರ ಬೆರಳಿಗೆ?”

“ಮದರಂಗಿ ಇತ್ರಿ ಮೇಡಂ. ತಗದ್ವಿ.”

“ಯಾವುದರಲ್ಲಿ ತೆಗೆದ್ರಿ?”

ನೂರೀನ ಬೆರಳುಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

“ಮಷೀನ್ ನೋಡೋದು ಬಣ್ಣ ಅಲ್ಲ ಕಣಮ್ಮ, ಗೆರೆ. ಹಳೇ ಮೆಹಂದಿ ಇದ್ರೂ ಒಂದೊಂದ್ಸಲ ತಗೊಂಡುಬಿಡುತ್ತೆ. ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ!”

“ಯಾವಾಗ ಬರ್ತಾವ್ರಿ?”

“ಅದನ್ನ ನಾನು ಹೇಗೆ ಹೇಳಲಿ? ಎರಡು ವಾರದೊಳಗೆ ಒಂದ್ಸಲ ಬನ್ನಿ, ಈ ಚೀಟಿ ತೋರಿಸಿದರೆ ಬಿಡ್ತಾರೆ. ಆಗಲೂ ಬರದಿದ್ರೆ ಈ ಅರ್ಜಿ ಮುಗೀತು, ಹೊಸದಾಗಿ ಹಾಕ್ಬೇಕು.”

ಹೊಸದಾಗಿ ಹಾಕಿದರೆ ಸೆಪ್ಟೆಂಬರ್ ಎಲ್ಲಿ ಉಳಿಯುತ್ತದೆ?

ಹೊರಗೆ ಅಪ್ಪ ಕತ್ತು ಉದ್ದ ಮಾಡಿ ನಿಂತಿದ್ದ. ಆ ಮುಖಕ್ಕೆ ನಿಜ ಹೇಳಲು ನೂರೀನಳಿಗೆ ಬಾಯಿ ಬರಲಿಲ್ಲ. “ಮಷೀನು ಕೆಟ್ಟೈತಂತಬ್ಬಾ,” ಅಂದಳು.

“ಏನ್ ಕೆಟ್ಟೈತಿ? ಕೇಳು ಹೋಗು, ನಾ ಬಂದು ನೋಡ್ಲೇನು? ಕರೆಂಟಿಂದೋ, ಒಳಗ ಧೂಳು ಕುಂತೈತೋ...”

ಅವನು ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ನೂರೀನ ಅಲ್ಲೇ ಕಾಂಪೌಂಡಿಗೆ ಒರಗಿ ಅತ್ತುಬಿಟ್ಟಳು. ಅಳುತ್ತಲೇ ಎಲ್ಲ ಹೇಳಿದಳು. ಸಿರಾಜುದ್ದೀನ ಮಡಚಿದ ತೋಳನ್ನು ಮೆಲ್ಲಗೆ ಕೆಳಗಿಳಿಸಿದ. ಹರಪನಹಳ್ಳಿ ಬರುವ ತನಕ ಅವನು ಆಡಿದ ಮಾತು ಒಂದೇ: “ನೀರು ಕುಡೀತಿಯೇನು?”

ರಂಜಾನ್ ತಿಂಗಳು ಬಂತು. ಉಪವಾಸದ ಮನೆಯಲ್ಲಿ ನೂರೀನಳ ಕೈಗೆ ಯಾರೂ ಏನನ್ನೂ ಮುಟ್ಟಗೊಡಲಿಲ್ಲ. ಪಾತ್ರೆ ಇಲ್ಲ, ಬಟ್ಟೆ ಇಲ್ಲ, ಸಂಜೆ ರೋಜಾ ಬಿಡುವಾಗ ಖರ್ಜೂರವನ್ನೂ ದಾದಿಯೇ ಬಾಯಿಗಿಡಬೇಕು. ಗುಡೇಕೋಟೆ ಕಡೆಯಿಂದ ಬಂದು ಅದೇ ಓಣಿಯಲ್ಲಿ ನೆಲೆಸಿದ, ಕುರಿ ಸಾಕುವ ಮನೆಯ ಜಂಬಕ್ಕ ಬೆಣ್ಣೆ ಹಿಡಿದು ಬಂದಳು. ಬೆರಳು ನೋಡಿ, ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದ ಮೇಸ್ತ್ರಿಯ ಕಡೆ ತಿರುಗಿದಳು.

“ಏನ್ ಸಿರಾಜಣ್ಣ, ಮಗಳ ಬೆರಳಂದ್ರ ಟ್ರ್ಯಾಕ್ಟರ್ ಪಿಸ್ಟನ್ ಅಂತ ತಿಳದ್ಯೇನು? ನಮ್ಮ ಕುರಿ ಉಣ್ಣೆ ಕತ್ತರಿಸೋನಿಗೂ ಚರ್ಮ ಎಲ್ಲಿ, ಉಣ್ಣೆ ಎಲ್ಲಿ ಅನ್ನೋ ಖಬರ್ ಇರ್ತೈತಿ!”

“ಬೈಯವ್ವಾ, ಇನ್ನಷ್ಟು ಬೈ,” ಅಂದ ಸಿರಾಜುದ್ದೀನ. “ಮನಿಯಾಗ ಒಬ್ರೂ ಬೈವಲ್ರು ನನ್ನ.”

ಜಂಬಕ್ಕನಿಗೆ ಮುಂದೆ ಬೈಯಲು ಆಗಲಿಲ್ಲ. ಬೆಣ್ಣೆಯನ್ನು ಹುಡುಗಿಯ ಬೆರಳಿಗೆ ತಾನೇ ಸವರಿ, “ಬರ್ತಾವ ತಗೀ, ಗರಿಕಿ ಚಿಗಿಯಂಗಿಲ್ಲೇನು?” ಅಂತ ಹೇಳಿ ಹೋದಳು.

ಬರುತ್ತವೋ ಇಲ್ಲವೋ ನೋಡಲು ಮೈಲಾರೇಶ್ ಒಂದು ಉಪಾಯ ಮಾಡಿದ್ದ. ಅಂಗಡಿಯ ಶಾಯಿ ಪ್ಯಾಡು ತಂದುಕೊಟ್ಟ. ದಿನಾ ಒಂದು ಬೆರಳು ಅದ್ದಿ ಬಿಳಿ ಹಾಳೆಗೆ ಒತ್ತಬೇಕು. ಮೊದಲ ದಿನ ಒತ್ತಿದರೆ ನೀಲಿ ಬೊಟ್ಟು. ಮರುದಿನವೂ ಬೊಟ್ಟು. ಅದರ ಮರುದಿನವೂ ಅಷ್ಟೇ, ಒಂದು ಎಳೆ ಇಲ್ಲ. ಚರ್ಮದ ಕೆಂಪು ಇಳಿದಿತ್ತು, ನೋವೂ ಹೋಗಿತ್ತು, ಗೆರೆ ಮಾತ್ರ ಬಂದಿರಲಿಲ್ಲ. ಎದ್ದ ಕೂಡಲೆ ನೂರೀನ ಕಿಟಕಿಯ ಬೆಳಕಿಗೆ ಬೆರಳು ಹಿಡಿಯುವಳು. ಮಧ್ಯಾಹ್ನ ಹಿಡಿಯುವಳು. ಮುಬೀನಾ ಬೈದು ಕೈ ಕೆಳಗೆ ಇಳಿಸುವಳು.

ಒಂದು ಮುಂಜಾನೆ ಸಿರಾಜುದ್ದೀನ ಮಗಳ ಪಕ್ಕ ಬಂದು ಕೂತ. “ಗೆರಿ ಹ್ಯಾಂಗಿರ್ತೈತಿ ನೋಡೂಣು,” ಅಂತ ತನ್ನ ಹೆಬ್ಬೆರಳನ್ನೇ ಶಾಯಿಗೆ ಅದ್ದಿ ಹಾಳೆಯ ಮೇಲೆ ಒತ್ತಿದ. ತೆಗೆದ. ನೀಲಿ ಬೊಟ್ಟು. ಇನ್ನೊಂದು ಬೆರಳು ಒತ್ತಿದ. ಬೊಟ್ಟು. ಅವಸರದಿಂದ ಎಲ್ಲ ಬೆರಳನ್ನೂ ಒತ್ತಿದ. ಹಾಳೆಯ ತುಂಬ ನುಣ್ಣನೆಯ ನೀಲಿ ಬೊಟ್ಟುಗಳು, ಒಂದರಲ್ಲೂ ಗೆರೆಯಿಲ್ಲ. ಚಿಕ್ಕಂದಿನಿಂದ ಡೀಸೆಲ್ಲು, ಎಮರಿ, ಕಬ್ಬಿಣ ಉಜ್ಜುವ ಅರದಲ್ಲಿ ಸವೆದ ಬೆರಳುಗಳು.

ಅಪ್ಪ ಮಗಳು ಇಬ್ಬರೂ ಹಾಳೆ ನೋಡಿದರು. ಹಾಗಾದರೆ ಹೋದದ್ದು ತಿರುಗಿ ಬರುವುದೇ ಇಲ್ಲವೇ?

“ನನ್ನವು ಬರಲಿಲ್ಲ,” ಅಂದ ಸಿರಾಜುದ್ದೀನ. “ನನ್ನವು ಯಾವಾಗ ಹೋದ್ವು ಅಂತನೂ ಗೊತ್ತಿಲ್ಲ ನನಗ.”

“ನಿಮ್ಮದು ದಿನಾ ಉಜ್ಜಿದ್ದಬ್ಬಾ. ನಂದು ಒಂದ ದಿನ.” ಇದನ್ನು ಹೇಳಿದವಳು ಅವಳೇ, ನಂಬದವಳೂ ಅವಳೇ.

ಅಂದು ಅವನು ಗ್ಯಾರೇಜಿಗೆ ಹೋಗಲಿಲ್ಲ. ಮಸೀದಿಗೆ ಹೋಗಿ ಬಂದ, ಅಂಗಳದಲ್ಲಿ ಕೂತ, ಮತ್ತೆ ಹೋಗಿ ಬಂದ. ಬಾನು ಬೀ ಮಗನ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದಳು.

ಹಾಳೆಯ ಮೇಲೆ ಮೊದಲ ಎಳೆ ಕಂಡಾಗ ಗಡುವು ಸಮೀಪಿಸಿತ್ತು. ಕುಂಟೆ ಹೊಡೆದ ಹೊಲವನ್ನು ಬಲು ದೂರದಿಂದ ನೋಡಿದ ಹಾಗೆ, ಬೊಟ್ಟಿನ ಅಂಚಿನಲ್ಲಿ ಮೂರು ತೆಳು ಗೆರೆ. ಮೈಲಾರೇಶ್ ಹಾಳೆಯನ್ನು ಕಣ್ಣಿನ ಹತ್ತಿರ, ದೂರ ಹಿಡಿದು ನೋಡಿ, “ಇವು ಗೆರಿನ ಹೌದು,” ಅಂದ. “ಮಷೀನಿಗೆ ಕಾಣ್ತಾವೋ ಇಲ್ಲೋ ನಾ ಕಾಣೆ.” ಇನ್ನೂ ಕಾಯಲು ದಿನ ಉಳಿದಿರಲಿಲ್ಲ. ಹೊರಟರು.

ಅದೇ ಕೋಣೆ, ಅದೇ ಕನ್ನಡಕದ ಹೆಂಗಸು. ಚೀಟಿ ನೋಡಿ, “ಓ, ನೀವಾ?” ಅಂದಳು. “ಎಡಗೈ ಇಡಿ.”

ಹಸಿರು.

ಬಲಗೈ ಇಟ್ಟಳು. ಕೆಂಪು.

“ಬೆವರಿದೆ ಕೈ. ಒರೆಸಿ ಇಡಿ.”

ದುಪಟ್ಟಾದಲ್ಲಿ ಒರೆಸಿದಳು. ಒರೆಸಿದಷ್ಟೂ ಬೆವರು. ಮತ್ತೆ ಕೆಂಪು. ಗಾಜಿನಡಿಯ ಬೆಳಕು ಬೆರಳುಗಳ ಕೆಳಗೆ ಹರಿದಾಡಿ, ಹುಡುಕಿ, ನಿಲ್ಲುತ್ತಿತ್ತು. ಹುಡುಕುತ್ತಿದ್ದುದು ಅವಳನ್ನೇ, ಸಿಗದೆ ಇದ್ದವಳೂ ಅವಳೇ. ನಾನು ನಾನೇ ಅಂತ ಇದಕ್ಕೆ ಹೇಗೆ ಹೇಳುವುದು, ಅಂದುಕೊಂಡಳು. ರೋಜಾ ಇದ್ದುದರಿಂದ ನೀರೂ ಕುಡಿಯುವಂತಿರಲಿಲ್ಲ.

ಆ ಹೆಂಗಸು ಕುರ್ಚಿಯಿಂದ ಎದ್ದು ಬಂದಳು. ನೂರೀನಳ ಬಲಗೈಯನ್ನು ತನ್ನ ಸೆರಗಿನಿಂದ ಒರೆಸಿ, ಒಂದೊಂದೇ ಬೆರಳನ್ನು ಗಾಜಿನ ಮೇಲೆ ಜೋಡಿಸಿ, ಮೇಲಿನಿಂದ ತನ್ನ ಅಂಗೈಯನ್ನು ಮೆಲ್ಲಗೆ ಒತ್ತಿ ಹಿಡಿದಳು.

“ಹೆದರ್ಕೋಬೇಡಿ. ಅಲ್ಲಾಡಬೇಡಿ, ಅಷ್ಟೇ.”

ಬೆಳಕು ಹರಿಯಿತು. ನಿಂತಿತು. ಮತ್ತೆ ಹರಿಯಿತು. ಹಸಿರು.

ಹೆಬ್ಬೆರಳುಗಳೂ ಆದವು.

ವೀಸಾ ಆ ತಿಂಗಳ ಕೊನೆಯ ವಾರ ಬಂತು, ಹುಡುಗಿ ಪ್ರವೇಶದ ಬಾಗಿಲು ಮುಚ್ಚುವ ಮುಂಚೆ ಹೋಗಿ ಸೇರಿಯೂ ಬಿಟ್ಟಳು. ಓದುವವರನ್ನು ತುದಿಗಾಲಲ್ಲಿ ನಿಲ್ಲಿಸುವುದು ಬೇಡವೆಂದು ಅದನ್ನು ಈಗಲೇ ಹೇಳಿದೆ. ಆದರೆ ಆ ಮಧ್ಯಾಹ್ನ ಕಚೇರಿಯ ಹೊರಗೆ ನಿಂತಿದ್ದ ಸಿರಾಜುದ್ದೀನನಿಗೆ ಅದು ಯಾವುದೂ ಗೊತ್ತಿರಲಿಲ್ಲ. ಅವನು ಮಗಳ ಮುಖ ನೋಡಲಿಲ್ಲ, ಕೈ ನೋಡಿದ.

“ತಗೊಂತಬ್ಬಾ. ಹತ್ತೂ ತಗೊಂತು.”

ಅವನು ತಲೆಯಾಡಿಸಿದ. ನಗಲಿಲ್ಲ. ಎದುರಿಗೆ ಬೆಂಗಳೂರಿನ ರಸ್ತೆ ಬಸ್ಸು ಕಾರುಗಳಿಂದ ಭೋರ್ಗರೆಯುತ್ತಿತ್ತು. ಆಚೆ ಬದಿಗೆ ದಾಟಬೇಕು. ನೂರೀನ ಚಿಕ್ಕಂದಿನಂತೆ ತನ್ನ ಬೆರಳುಗಳನ್ನು ಅವನ ಅಂಗೈಯೊಳಗೆ ತೂರಿಸಿದಳು. ಅವನು ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

“ಬ್ಯಾಡ ಬೇಟಾ, ನನ್ನ ಕೈ ಅಂದ್ರ ಅರ ಇದ್ದಂಗ ಐತಿ.”

“ಆತಲ್ಲಬ್ಬಾ, ಇನ್ನೇನು ಹೆದರಿಕಿ?”

“ಇರ್ಲಿ ಬಿಡು. ಇನ್ನೂ ಯಾರರ ನಿನ್ನ ಬೆರಳು ಕೇಳ್ಯಾರು.”

ಆಮೇಲೆ ಅವಳ ದುಪಟ್ಟಾದ ಅಂಚನ್ನು ಮಣಿಕಟ್ಟಿನ ಸುತ್ತ ಎರಡು ಸುತ್ತು ಸುತ್ತಿ, ಬಟ್ಟೆಯ ಮೇಲಿಂದ ಮಾತ್ರ ಹಿಡಿದು, ಎರಡೂ ಕಡೆ ನೋಡುತ್ತಾ ರಸ್ತೆಗಿಳಿದ.