ಇನ್ನೂರ ಹನ್ನೆರಡನೆಯ ಪುಟ

ಹಾಲ್ವರ್ಸನ್ ಮೇಷ್ಟ್ರ ಅಮೆರಿಕನ್ ಸಾಹಿತ್ಯದ ತರಗತಿಯಲ್ಲಿ ಪ್ರಬಂಧದ ಕರಡನ್ನು ಪಕ್ಕದವರಿಗೆ ಕೊಟ್ಟು ತಿದ್ದಿಸಿಕೊಳ್ಳುವುದು ಕಡ್ಡಾಯ. ಹೋದ ತಿಂಗಳು ಡೆಲ್ಫೀನ್ ಹಾಗೆ ಕೊಟ್ಟ ಕರಡನ್ನು ಟ್ಯಾಬಿತಾ ತನ್ನ ಹೆಸರಿನಲ್ಲಿ ಒಂದು ದಿನ ಮೊದಲೇ ಒಪ್ಪಿಸಿಬಿಟ್ಟಿದ್ದಳು. ಮೇಷ್ಟ್ರು ಕದ್ದವಳ ಬೆನ್ನು ತಟ್ಟಿ, ಬರೆದವಳಿಗೆ ನಕಲು ಎಂದು ಸೊನ್ನೆ ಸುತ್ತಿದ್ದರು.

"ನೀನೇ ಬರೆದಿದ್ದು ಅಂದ್ರೆ ಯಾರು ನಂಬ್ತಾರೆ ಕಣೇ?" ಎಂದು ಟ್ಯಾಬಿತಾ ನಕ್ಕಿದ್ದಳು. ಆ ನಗು ಡೆಲ್ಫೀನಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಈ ಸಲವೂ ಡೆಲ್ಫೀನ್ ನಗುನಗುತ್ತಲೇ ಟ್ಯಾಬಿತಾಳಿಗೆ ಕರಡು ಕೊಟ್ಟಳು. ಪಾಠಕ್ಕಿದ್ದ ಕಾದಂಬರಿಯ ನಾಯಕಿ ಸಾಯುವಾಗ ಆಡಿದ ಮಾತೊಂದನ್ನು ವಾಡಿಕೆಯಂತೆ ಪುಟಸಂಖ್ಯೆಯ ಸಮೇತ ಅದರಲ್ಲಿ ಸೇರಿಸಿದ್ದಳು. ತಾನು ಒಪ್ಪಿಸಿದ ಪ್ರಬಂಧವೇ ಬೇರೆ. ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ?

ಸೋಮವಾರ ಮೇಷ್ಟ್ರು ಟ್ಯಾಬಿತಾಳ ಕೈಗೆ ಕಾದಂಬರಿ ಕೊಟ್ಟರು. "ಇನ್ನೂರ ಹನ್ನೆರಡನೇ ಪುಟ ತೆಗೆದು ನಿನ್ನ ಪ್ರಬಂಧದಲ್ಲಿ ಬರೆದಿರೋ ಆ ಮಾತು ಓದಮ್ಮ, ಎಲ್ಲರೂ ಕೇಳ್ಲಿ."

ಟ್ಯಾಬಿತಾ ಹಾಳೆ ಮಗುಚಿದಳು. ಪುಸ್ತಕ ನೂರ ಎಂಬತ್ತಕ್ಕೇ ಮುಗಿದಿತ್ತು. ಕೊನೆಯ ಸಾಲಿನಲ್ಲೂ ನಾಯಕಿ ಗಟ್ಟಿಮುಟ್ಟಾಗಿಯೇ ಇದ್ದಳು.

"ಸರ್, ನಾನಲ್ಲ! ಇದನ್ನ ಬರೆದಿದ್ದು ಡೆಲ್ಫೀನ್!" ಎಂದು ಟ್ಯಾಬಿತಾ ಚೀರಿದಳು.

ತರಗತಿಯೆಲ್ಲ ತಿರುಗಿ ನೋಡಿತು. ಡೆಲ್ಫೀನ್ ಮೆಲ್ಲಗೆ ಹೇಳಿದಳು: "ಈಗ ಎಲ್ರೂ ನಂಬಿದ್ರು ಕಣೇ."