ಹಸಿರು ಇಂಕಿನ ಗುರುತು

ನಮ್ಮಪ್ಪ ರಾಮಪ್ರಸಾದ ಜಾಲಹಳ್ಳಿಯ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವರು. ಅವರ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಹೊರಗೆ ಹೋಗುವುದಿಲ್ಲ. ಮೂರು ಸಲ ಅಳೆದು, ಸರಿ ಇದ್ದರೆ ಹಸಿರು ಇಂಕಿನ ಪುಟ್ಟ ಗುರುತು ಹಾಕುತ್ತಾರೆ. ಸರಿ ಇಲ್ಲದ್ದನ್ನು ಗುರುತಿಲ್ಲದೆ ಪಕ್ಕಕ್ಕಿಡುತ್ತಾರೆ. ಆ ಚಾಳಿ ಮನೆಗೂ ಬಂದಿತ್ತು. ನನ್ನ ಮಾರ್ಕ್ಸ್ ಕಾರ್ಡು, ಕರೆಂಟ್ ಬಿಲ್ಲು, ಅಮ್ಮನ ದಿನಸಿ ಚೀಟಿ, ಎಲ್ಲದರ ಮೇಲೂ ಅದೇ ಗುರುತು. ಅಪ್ಪ ನೋಡಿದ್ದಾರೆ ಅಂದರೆ ನಾನು ಮತ್ತೆ ನೋಡುತ್ತಿರಲಿಲ್ಲ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಹತ್ತನೇ ಕ್ಲಾಸು ಮುಗಿದ ಮೇಲೆ, ಡಾಕ್ಟರಾಗಬೇಕು ಅಂದೆ. ಅಪ್ಪ ಬೇಡ ಅನ್ನಲಿಲ್ಲ.

"ಕಾಲೇಜು ನಿನ್ನಿಷ್ಟ ಕಣೆ ಸುಕೃತಿ. ನೋಡಿ ಆರಿಸ್ಕೊ."

ಮೂರು ಶನಿವಾರ ಸ್ಕೂಟರಿನಲ್ಲಿ ಮೂರು ಪಿಯು ಕಾಲೇಜು ಸುತ್ತಿದೆವು. ಪೀಣ್ಯದ ಗಾಜಿನ ಕಟ್ಟಡಕ್ಕೆ ಮೂರನೇ ಮಹಡಿಯವರೆಗೂ ರ‍್ಯಾಂಕ್ ಬಂದವರ ಫೋಟೊ ಹೊದಿಸಿದ್ದರು. ಲ್ಯಾಬ್ ತೋರಿಸಿ ಅಂದರೆ ಬೀಗದ ಕೈ ಸಿಗಲಿಲ್ಲ. ದಾಸರಹಳ್ಳಿಯದರಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಕೋಚಿಂಗು, ಜೈಲೇ ವಾಸಿ. ಮೂರನೆಯದು ನಮ್ಮ ಕ್ವಾರ್ಟರ್ಸ್ ಹತ್ತಿರದ ಹಳೇ ಕಾಲೇಜು. ಅಲ್ಲಿ ಜೀವಶಾಸ್ತ್ರದ ದೀಪಶ್ರೀ ಮೇಡಂ ಈರುಳ್ಳಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದರು. ಇಟ್ಟಿಗೆ ಗೋಡೆಯ ಹಾಗೆ ಜೀವಕೋಶಗಳು ಕಂಡವು. ನನ್ನ ನಂತರ ಅಪ್ಪನೂ ಕನ್ನಡಕ ತೆಗೆದು, ಬಹಳ ಹೊತ್ತು ಬಗ್ಗಿ ನೋಡಿದರು.

"ಇಲ್ಲೇ ಸೇರ್ತೀನಪ್ಪ."

"ಚೆನ್ನಾಗಿದೆ," ಅಂದರು.

ಅರ್ಜಿ ತುಂಬುವುದು ನಮ್ಮ ಮನೆಯಲ್ಲಿ ಅಪ್ಪನ ಕೆಲಸ. ನಾನು ಖಾಲಿ ಅರ್ಜಿಯ ಕೆಳಗೆ ಸಹಿ ಹಾಕಿ ಕೊಡುತ್ತೇನೆ, ಅವರು ಸಾವಕಾಶವಾಗಿ ಕೂತು ತುಂಬುತ್ತಾರೆ. ಈ ಸಲವೂ ಹಾಗೇ ಮಾಡಿದೆವು.

ಕಾಲೇಜಿನ ಮೊದಲ ದಿನ ಜೀವಶಾಸ್ತ್ರದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಪಟ್ಟಿಯಲ್ಲಿತ್ತು. ಜೀವಶಾಸ್ತ್ರ ಓದದೆ ಮೆಡಿಕಲ್ ಸೀಟಿನ ನೀಟ್ ಪರೀಕ್ಷೆ ಬರೆಯುವ ಹಾಗಿಲ್ಲ. ಆಫೀಸಿನ ಕಿಟಕಿಗೆ ಹೋಗಿ ಗುಮಾಸ್ತ ನಿಂಗಪ್ಪನವರ ಮೇಲೆ ಹಾರಾಡಿದೆ.

"ತಪ್ಪು ನಿಮ್ಮ ಕಡೇದು ಸಾರ್. ನಮ್ಮಪ್ಪ ಎಲ್ಲಾನೂ ಮೂರ್ಮೂರು ಸಲ ನೋಡ್ತಾರೆ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನಿಂಗಪ್ಪನವರು ಫೈಲಿನಿಂದ ನನ್ನ ಅರ್ಜಿ ತೆಗೆದು ಮುಂದಿಟ್ಟರು. ಕಂಪ್ಯೂಟರ್ ಸೈನ್ಸ್ ಅಂತ ಅಪ್ಪನ ದುಂಡು ಅಕ್ಷರದಲ್ಲಿತ್ತು. ಅದರ ಪಕ್ಕದಲ್ಲಿ ಹಸಿರು ಗುರುತು.

ಕೈ ತಪ್ಪಿ ಆದದ್ದಲ್ಲ. ನೋಡಿ, ಮತ್ತೆ ನೋಡಿ, ಸರಿ ಇದೆ ಅಂತ ಪಾಸು ಮಾಡಿದ್ದರು.

"ಬದಲಾಯಿಸ್ಬೋದಮ್ಮ. ನಾಳೆ ಸಂಜೆವರ್ಗೂ ಟೈಮಿದೆ," ನಿಂಗಪ್ಪನವರು ಒಂದು ಕೋರಿಕೆ ಪತ್ರ ಕೊಟ್ಟರು. "ಅಪ್ಪನ ಸಹಿ ಮಾತ್ರ ಬೇಕೇ ಬೇಕು."

ಸಂಜೆ ಅಪ್ಪ ಕಾಫಿ ಕುಡಿಯುತ್ತಿದ್ದಾಗ ಆ ಪತ್ರ ಅವರೆದುರು ಇಟ್ಟೆ.

"ಯಾಕಪ್ಪ ಹೀಗ್ಮಾಡ್ದೆ?"

"ಲಕ್ಷಾಂತರ ಜನ ಬರೀತಾರೆ ಕಣೆ ಆ ಪರೀಕ್ಷೆ. ಸೀಟು ಸಿಗ್ದೆ ನೀನು ವರ್ಷಗಟ್ಲೆ ಮನೇಲಿ ಕೂತು ಅಳೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

"ಬೇಡ ಅಂತ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಕೇಳ್ತಿದ್ಯಾ? ಕಾಲೇಜು ನಿನ್ನಿಷ್ಟ ಅಂದಿದ್ದೆ, ಅದರ ಹಾಗೇ ನಡ್ಕೊಂಡಿದೀನಿ."

ಅಮ್ಮನ ಕಡೆ ನೋಡಿದೆ. ಅವಳು ಒಲೆಯ ಕಡೆ ತಿರುಗಿಕೊಂಡಳು. ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ಜೀವಶಾಸ್ತ್ರ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಮೋಸ ಮಾಡಿದವರು ಅಪ್ಪ ಅನ್ನುವುದಕ್ಕೆ ಹೊಟ್ಟೆ ಉರಿಯಿತು. ಎಲ್ಲ ಮೊದಲೇ ತೀರ್ಮಾನ ಮಾಡಿದ್ದರೆ ಆ ಈರುಳ್ಳಿ ಸಿಪ್ಪೆಯನ್ನು ನೀನು ಯಾಕೆ ಅಷ್ಟು ಹೊತ್ತು ಬಗ್ಗಿ ನೋಡಿದೆ ಅಂತ ಕೇಳಬೇಕೆನಿಸಿತು.

ಅಪ್ಪ ಪತ್ರ ಕೈಗೆತ್ತಿಕೊಂಡು ಮೂರು ಸಲ ಓದಿದರು. ಜೇಬಿನಿಂದ ಪೆನ್ನು ತೆಗೆದರು.

ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿ, ಪತ್ರವನ್ನು ಗುರುತಿಲ್ಲದೆ ಪಕ್ಕಕ್ಕಿಟ್ಟರು.