ಕೆಟಲ್ಲಿನ ಮೊದಲ ಲೋಟ

ಒದ್ದೆ ಉಣ್ಣೆ, ಗಂಜಿ, ಇಸ್ತ್ರಿಯ ಹಬೆ, ಇವುಗಳ ನಡುವೆ ಸುಳಿದು ಬರುವ ಕೋಕೋದ ಕಹಿ ಘಮ. ತೀರಾ ತೆಳ್ಳಗಿದ್ದುದಕ್ಕೆ ಕಡ್ಡಿ ಎಂದೇ ಹೆಸರು ಬಿದ್ದಿದ್ದ ಹುಡುಗಿಗೆ ಬಾಲ್ಯ ಎಂದರೆ ಈ ವಾಸನೆಯೇ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಶನಿವಾರ ಮಧ್ಯಾಹ್ನ ಮನೆಗೆ ಬಂದವಳೇ ಕೋಟನ್ನೂ ಬಿಚ್ಚದೆ ಒಲೆಯ ಮೇಲೆ ಉದ್ದ ಮೂತಿಯ ಕೆಟಲ್ ಇಡುತ್ತಿದ್ದಳು. ನೀರು, ಒಂದಿಷ್ಟು ಹಾಲು, ಸಕ್ಕರೆ, ಎರಡು ಚಮಚ ಕೋಕೋ ಪುಡಿ. ಕುದಿ ಬಂದ ಮೇಲೆ ಕೆಳಗಿಳಿಸಿ, ಕಾಲು ಚಾಚಿ ಕುಳಿತು, "ಹಾಕ್ಕೊಳ್ರೇ" ಅನ್ನುತ್ತಿದ್ದಳು.

ಬಗ್ಗಿಸುವ ಅಧಿಕಾರ ಅಕ್ಕನದು. ಮೊದಲ ಲೋಟ ಅವಳಿಗೆ, ಎರಡನೆಯದು ಕಡ್ಡಿಗೆ. ಒಂದು ವಾರವೂ ಇದು ತಪ್ಪಲಿಲ್ಲ. "ದೊಡ್ಡವಳು ಅಂತ ಯಾವಾಗ್ಲೂ ನಿನಗೇ ಮೊದಲು!" ಎಂದು ಕಡ್ಡಿ ಮುಖ ಊದಿಸಿದರೆ ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಈಗ ಕಡ್ಡಿಗೆ ಅರವತ್ತೆಂಟು. ಹೆಸರಿಗಷ್ಟೇ ಕಡ್ಡಿ, ಗ್ರಂಥಾಲಯದ ಕುರ್ಚಿಯಲ್ಲಿ ಮೂವತ್ತು ವರ್ಷ ಕುಳಿತು ಮೈ ತುಂಬಿಕೊಂಡಿದ್ದಳು. ಹೊಲಿಗೆಯಲ್ಲೇ ಆಯಸ್ಸು ಸವೆಸಿದ ಅಕ್ಕ ನ್ಯುಮೋನಿಯಾದಿಂದ ಎದ್ದು ತಂಗಿಯ ಮನೆಗೆ ಬಂದು ಹತ್ತು ದಿನವಾಗಿತ್ತು. ಜ್ವರ ಬಿಟ್ಟಿತ್ತು, ಹಸಿವು ಮಾತ್ರ ಮರಳಿರಲಿಲ್ಲ. ಏನು ಕೊಟ್ಟರೂ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು. "ಸೋಮವಾರದೊಳಗೆ ಊಟ ಶುರು ಮಾಡದಿದ್ರೆ ವಾಪಸ್ ಆಸ್ಪತ್ರೆಗೇ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಏನಾದ್ರೂ ಆಸೆ ಇದ್ಯಾ ಅಕ್ಕಾ?" ಎಂದು ಗುರುವಾರ ಕೇಳಿದ್ದಕ್ಕೆ ಅಕ್ಕ ಬಹಳ ಹೊತ್ತು ಯೋಚಿಸಿ, "ಅಮ್ಮನ ಕೋಕೋ" ಎಂದಿದ್ದಳು.

ಕಡ್ಡಿ ಟೊಂಕ ಕಟ್ಟಿ ನಿಂತಳು. ಅವತ್ತೇ ಚಾಕೊಲೇಟ್ ಗಟ್ಟಿಯನ್ನು ತುರಿದು, ಕೆನೆಹಾಲಿನಲ್ಲಿ ಕರಗಿಸಿ ಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು, "ಇದೇನು, ಗೋಡೆಗೆ ಬಳಿಯೋದಾ?" ಎಂದಳು. ಶುಕ್ರವಾರ ದಾಲ್ಚಿನ್ನಿ, ಚಿಟಿಕೆ ಮೆಣಸಿನ ಪುಡಿ ಹಾಕಿ ಮಾಡಿದ್ದಾಯಿತು. "ಕೆಮ್ಮಿನ ಔಷಧಿ ಅಂತ ಮೊದಲೇ ಹೇಳಬಾರದಾ?" ಸಂಜೆ ಮೆಕ್ಕೆಜೋಳದ ಹಿಟ್ಟು ಕದಡಿ, ಚಮಚ ನೆಟ್ಟಗೆ ನಿಲ್ಲುವಷ್ಟು ಮಂದ ಮಾಡಿದ್ದನ್ನು ಅಕ್ಕ ಮುಟ್ಟಲೂ ಇಲ್ಲ. ಶನಿವಾರ ಬೆಳಿಗ್ಗೆ ಮೇಲೆ ನೊರೆ ನೊರೆಯಾಗಿ ಕಡೆದ ಕೆನೆ. ಅಕ್ಕ ತುಟಿ ಒರೆಸಿಕೊಂಡು, "ಚೆನ್ನಾಗಿದೆ. ಆದ್ರೆ ಇದಲ್ಲ" ಎಂದು ಲೋಟ ಕೆಳಗಿಟ್ಟಳು.

ಕಡ್ಡಿಗೆ ಅಳುವೇ ಬಂತು. "ಅಮ್ಮ ಮಾಡ್ತಿದ್ದುದೂ ಗಟ್ಟಿಯಾಗೇ ಇತ್ತಲ್ಲ ಅಕ್ಕಾ! ಕೊನೆಗೆ ಬೆರಳಲ್ಲಿ ಬಳಿದು ನೆಕ್ತಿದ್ದೆ ನಾನು."

"ನಿನಗೆ ಈಗಲೇ ಅರಳುಮರಳು. ನೀರಿನ ಹಾಗಿತ್ತು ಕಣೇ ಅದು. ಕುಡೀತಾ ಕುಡೀತಾ ಲೋಟದ ತಳದಲ್ಲಿ ಬರೆದಿದ್ದ ಹೂವು ಕಾಣ್ತಿತ್ತು."

"ನನ್ನ ಲೋಟದ ಹೂವು ಕಾಣಿಸಿದ್ದು ತೊಳೆದ ಮೇಲೇ!"

ಅಮ್ಮನ ಕೆಟಲ್ ಕಿಟಕಿಯ ಕಟ್ಟೆಯ ಮೇಲಿತ್ತು. ಎಷ್ಟೋ ವರ್ಷದಿಂದ ಅದಕ್ಕೆ ಗಿಡಗಳಿಗೆ ನೀರು ಹಾಕುವ ಕೆಲಸ. ಕಡ್ಡಿ ಅದನ್ನು ಮೂರು ಸಲ ತಿಕ್ಕಿ ತೊಳೆದಳು. ಅಮ್ಮನ ಅಳತೆಯಲ್ಲೇ ನೀರು, ಹಾಲು, ಸಕ್ಕರೆ, ಎರಡು ಚಮಚ ಪುಡಿ ಹಾಕಿದಳು. ಕುದಿಸಿ ಇಳಿಸಿ, ಅಮ್ಮನಂತೆಯೇ ಕಾಲು ಚಾಚಿ ಐದು ನಿಮಿಷ ಕುಳಿತಳು. ಮಂಡಿಗೂ ಅದು ಬೇಕಿತ್ತು. ಆಮೇಲೆ ಎದ್ದು ಬಗ್ಗಿಸಿದಳು.

ಮೊದಲ ಲೋಟಕ್ಕೆ ತೆಳ್ಳಗೆ, ಕೆಸರು ನೀರಿನ ಬಣ್ಣದ್ದು ಬಿತ್ತು. ಎರಡನೆಯದಕ್ಕೆ ಕಪ್ಪಗೆ, ನಿಧಾನವಾಗಿ ಇಳಿಯಿತು; ಕೊನೆಯಲ್ಲಿ ತಳದ ಕೋಕೋವೆಲ್ಲ ಮುದ್ದೆಯಾಗಿ ಜಾರಿ ಬಿತ್ತು. ಕಡ್ಡಿ ಖಾಲಿ ಕೆಟಲ್ ಹಿಡಿದು ಹಾಗೇ ನಿಂತಳು. ಪ್ರತಿ ಶನಿವಾರ ತಾನು ಊದಿಸಿದ ಮುಖವೆಲ್ಲ ಒಟ್ಟಿಗೆ ನೆನಪಾಯಿತು.

ಎರಡೂ ಲೋಟಗಳನ್ನು ತಂದು ಅಕ್ಕನ ಮುಂದಿಟ್ಟಳು. ಅಕ್ಕನ ಕೈ ಯೋಚಿಸದೆ ತೆಳ್ಳಗಿನದರ ಕಡೆಗೇ ಹೋಯಿತು. ಒಂದು ಗುಟುಕು, ಇನ್ನೊಂದು, ಮತ್ತೊಂದು.

"ಹಾಂ. ಇದು."

"ಅಕ್ಕಾ, ತಳದಲ್ಲಿ ಗಟ್ಟಿ ಇಳಿಯುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಬಗ್ಗಿಸ್ತಿದ್ದವಳು ನಾನೇ ತಾನೇ?"

"ಮತ್ತೆ ಹೇಳಬಾರದಿತ್ತಾ? ಎಷ್ಟು ಜಗಳ ಆಡಿದ್ದೀನಿ ನಿನ್ನ ಹತ್ರ!"

"ಹೇಳಿದ್ರೆ ನೀನು ಅರ್ಧ ನನ್ನ ಲೋಟಕ್ಕೇ ಸುರೀತಿದ್ದೆ. ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೆ ಕಣೇ ಆಗ." ಅಕ್ಕ ತಂಗಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಸ್ವಲ್ಪ ಜಾಸ್ತೀನೇ ಕುಡಿಸಿಬಿಟ್ಟೆ ಅನ್ಸುತ್ತೆ."

ಕಡ್ಡಿ ಅಳುತ್ತಲೇ ನಕ್ಕುಬಿಟ್ಟಳು. ಅಕ್ಕ ಲೋಟ ಬಗ್ಗಿಸಿ ಒಳಗೆ ಇಣುಕಿದಳು. ಇನ್ನೂ ಎರಡು ಗುಟುಕಿತ್ತು. "ಅದ್ದಿಕೊಳ್ಳೋಕೆ ಬ್ರೆಡ್ಡೇನಾದ್ರೂ ಇದ್ಯಾ?" ಎಂದು ಕೇಳಿದಳು, ಏನೂ ವಿಶೇಷವಿಲ್ಲ ಎನ್ನುವಂತೆ.

ಕಡ್ಡಿ ಅಡುಗೆಮನೆಗೆ ಹೋದಳು. ಎರಡು ಹೋಳು ಬ್ರೆಡ್ ಬಿಸಿ ಮಾಡಿ, ಗಂಟಲಿಗೆ ಚುಚ್ಚದಂತೆ ಅಂಚು ಕತ್ತರಿಸಿ, ಬೆಣ್ಣೆ ಸವರಿದಳು. ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದಿಟ್ಟಳು. ತಂದು, ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟಳು.